‘ಹೂಂ’ ಅಂದವರು ಯಾರು? ಕೂಸಿನ ದೀಕ್ಷಾಸ್ನಾನ, ದೊಡ್ಡವರ ದೀಕ್ಷಾಸ್ನಾನ

ಕಳೆದ ವರ್ಷ ನಮ್ಮ ಮನೆಗೆ ಟೈಲ್ಸ್ ಹಾಕಲು ಒಬ್ಬ ಗಾರೆ ಮೇಸ್ತ್ರಿ ಬರುತ್ತಿದ್ದರು. ದಾವಣಗೆರೆಯವರೇ. ಎರಡು ವರ್ಷದಿಂದ ಊರಿನ ಒಂದು ಪ್ರಾರ್ಥನಾ ಸಭೆಗೆ ಹೋಗುತ್ತಿದ್ದರು. ನಾವು ಚರ್ಚಿನವರು ಅಂತ ಗೊತ್ತಾದ ಮೇಲೆ, ಒಂದು ಮಧ್ಯಾಹ್ನ ಬುತ್ತಿ ಬಿಚ್ಚುತ್ತಾ ಕೇಳಿದರು: "ಸಾರ್, ನಾನು ಸ್ನಾನ ತಗೊಂಡ್ರೆ ನನ್ನ ಮಕ್ಕಳಿಗೂ ಆದಂಗೆ ಲೆಕ್ಕಾನಾ? ಇಲ್ಲ ಅವರಿಗೆ ಬೇರೆ ಮಾಡಿಸ್ಬೇಕಾ?"

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ನನಗೆ ದೀಕ್ಷಾಸ್ನಾನವಾದಾಗ, ಅಂದರೆ ನೀರು ಕೊಟ್ಟು ಕ್ರೈಸ್ತ ಸಭೆಗೆ ಸೇರಿಸಿಕೊಂಡಾಗ, ನಾನು ನಾಲ್ಕು ತಿಂಗಳ ಕೂಸು. ನನ್ನನ್ನು ಯಾರೂ ಕೇಳಿರಲಿಲ್ಲ. ಅವರಿಗೋ ನಲವತ್ತು ದಾಟಿದೆ, ಎಲ್ಲರೂ ಅವರನ್ನೇ ಕೇಳುತ್ತಿದ್ದಾರೆ. ಸಭೆಯವರು ‘ಯಾವಾಗ’ ಅಂತಾರೆ. ಹೆಂಡತಿ ‘ಯಾಕೆ’ ಅಂತಾರೆ. ಅಣ್ಣತಮ್ಮಂದಿರು ‘ಹೇಗೆ ಹೋಗ್ತೀಯ’ ಅಂತಾರೆ. ಅವರ ಆ ಒಂದು ಪ್ರಶ್ನೆಯ ಮೇಲೆ ಕ್ರೈಸ್ತ ಸಭೆಗಳು ಐನೂರು ವರ್ಷದಿಂದ ಜಗಳವಾಡಿವೆ. ಇವತ್ತು ಅದೇ ಪ್ರಶ್ನೆ ತಾಲ್ಲೂಕು ಕಚೇರಿಗೂ ಬಂದು ನಿಂತಿದೆ.

ಮೊದಲು ಹೆಸರಿನ ವಿಚಾರ. ಪ್ರೊಟೆಸ್ಟೆಂಟರ ಹಳೆಯ ಕನ್ನಡ ಬೈಬಲ್‌ನಲ್ಲಿ ಇದು ದೀಕ್ಷಾಸ್ನಾನ. ಕ್ಯಾಥೊಲಿಕರ ಬಾಯಲ್ಲಿ ಸ್ನಾನದೀಕ್ಷೆ, ಹಳಬರು ಜ್ಞಾನಸ್ನಾನ ಎನ್ನುವುದೂ ಉಂಟು. ಮೇಸ್ತ್ರಿಯ ಸಭೆಯಲ್ಲಿ ಬರೀ ‘ಸ್ನಾನ’. ದೀಕ್ಷೆ ಮುಖ್ಯವೋ ಸ್ನಾನ ಮುಖ್ಯವೋ ಎಂಬ ಜಗ್ಗಾಟ ಈ ಹೆಸರುಗಳಲ್ಲೇ ಇದೆ.

ಎರಡನ್ನೂ ನಾನು ಹತ್ತಿರದಿಂದ ನೋಡಿದ್ದೇನೆ. ನನ್ನ ಅಕ್ಕನ ಮೊಮ್ಮಗಳಿಗೆ ಆಗ ಮೂರು ತಿಂಗಳು. ಬಿಳಿ ಫ್ರಾಕು, ತಲೆಗೆ ಕಸೂತಿ ಟೋಪಿ. ಅಯ್ಯನವರು, ಅಂದರೆ ನಮ್ಮ ಚರ್ಚಿನ ಪಾದ್ರಿ, ಟೋಪಿ ಬಿಚ್ಚಿ ಮಗುವನ್ನು ಎಡಗೈ ಮೇಲೆ ಮಲಗಿಸಿಕೊಂಡರು. ಬಟ್ಟಲಿನ ನೀರು ತಣ್ಣಗಿದೆ ಅಂತ ಅಕ್ಕ ಮೊದಲೇ ಸ್ವಲ್ಪ ಬಿಸಿನೀರು ಬೆರೆಸಿಟ್ಟಿದ್ದಳು. ತಂದೆಯ ಹೆಸರಿನಲ್ಲಿ ಒಂದು ಬೊಗಸೆ, ಮಗನ ಹೆಸರಿನಲ್ಲಿ ಒಂದು, ಪವಿತ್ರಾತ್ಮನ ಹೆಸರಿನಲ್ಲಿ ಒಂದು. ಮೂರನೆಯದಕ್ಕೆ ಕೂಸು ಕಿಟಾರನೆ ಕಿರುಚಿತು. ನಂಬುತ್ತೀರಾ ಎಂದು ಅಯ್ಯನವರು ಕೇಳಿದ್ದು ಅಪ್ಪ ಅಮ್ಮನನ್ನು, ಗಾಡ್‌ಮದರ್ ಆಗಿ ನಿಂತಿದ್ದ ನನ್ನ ಹೆಂಡತಿಯನ್ನು. ಮಗುವಿನ ಪರವಾಗಿ ಅವರು ‘ಹೂಂ’ ಅಂದರು. ಆಮೇಲೆ ಇಡೀ ಸಭೆ ಎದ್ದು ನಿಂತು, ಈ ಮಗುವನ್ನು ನಂಬಿಕೆಯಲ್ಲಿ ಬೆಳೆಸಲು ನೆರವಾಗುತ್ತೇವೆ ಎಂದು ಮಾತು ಕೊಟ್ಟಿತು. ರಿಜಿಸ್ಟರಿನಲ್ಲಿ ಒಂದು ಸಾಲು ಬರೆದರು.

ಇನ್ನೊಂದು ಹರಿಹರದ ಬಳಿ ತುಂಗಭದ್ರೆಯಲ್ಲಿ. ಮೇಸ್ತ್ರಿಯ ಸಭೆಯವರೇ ಕರೆದಿದ್ದರು. ಬೆಳಿಗ್ಗೆ ಏಳು ಗಂಟೆ, ಸೊಂಟದ ಮಟ್ಟದ ನೀರು. ನಾಲ್ವರು ಒಬ್ಬೊಬ್ಬರಾಗಿ ಇಳಿದರು. ಪಾಸ್ಟರ್ ಕೇಳಿದರು, ಅವರವರೇ ಉತ್ತರ ಕೊಟ್ಟರು. ಆಮೇಲೆ ಮೂಗು ಹಿಡಿದು ಹಿಂದಕ್ಕೆ ಒರಗಿಸಿ ಒಮ್ಮೆ ಪೂರ್ತಿ ಮುಳುಗಿಸಿ ಎತ್ತಿದರು. ಹಮಾಲಿ ಕೆಲಸದ ಒಬ್ಬರು ಮೇಲೆದ್ದವರು ದಡಕ್ಕೆ ಬರಲೇ ಇಲ್ಲ, ನೀರಲ್ಲೇ ನಿಂತು ಅಳುತ್ತಿದ್ದರು. ಅವರ ಹೆಂಡತಿ ಟವೆಲ್ ಹಿಡಿದು ದಡದಲ್ಲಿ ನಿಂತಿದ್ದರು. ಅವರು ನೀರಿಗೆ ಇಳಿಯಲಿಲ್ಲ. ಆಮೇಲೆ ಎಲ್ಲರಿಗೂ ಟೀ, ಮಂಡಕ್ಕಿ.

ಮುಳುಗಿಸುವುದಾ, ಸುರಿಯುವುದಾ ಎಂಬುದರ ಮೇಲೂ ಜಗಳ ಉಂಟು. ಅದನ್ನು ನಾನು ಅಷ್ಟು ದೊಡ್ಡದು ಮಾಡುವುದಿಲ್ಲ. ದಿದಖೆ ಎಂಬ ಬಹಳ ಹಳೆಯ ಸಭಾ ಕೈಪಿಡಿಯಲ್ಲಿ ಹರಿಯುವ ನೀರು ಉತ್ತಮ, ಇಲ್ಲದಿದ್ದರೆ ಬೇರೆ ನೀರು, ಅದೂ ಸಾಲದಿದ್ದರೆ ತಲೆಯ ಮೇಲೆ ಮೂರು ಸಲ ಸುರಿಯಿರಿ ಎಂದಿದೆ. ಚಿತ್ರದುರ್ಗದ ಕಡೆಯವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಅಲ್ಲೊಂದು ಸಭೆಯಲ್ಲಿ ಸಿಮೆಂಟ್ ತೊಟ್ಟಿಗೆ ಟ್ಯಾಂಕರ್ ನೀರು ತುಂಬಿಸಿ ಸ್ನಾನ ಕೊಟ್ಟಿದ್ದನ್ನು ನಾನು ನೋಡಿದ್ದೇನೆ.

ನಿಜವಾದ ಪ್ರಶ್ನೆ ‘ಹೂಂ’ ಅನ್ನುವವರು ಯಾರು ಎಂಬುದು.

ದೊಡ್ಡವರ ಸ್ನಾನವೇ ಸರಿ ಎನ್ನುವವರ ವಾದ ನೇರವಾಗಿದೆ. ಮೊದಲು ಕೇಳಬೇಕು, ನಂಬಬೇಕು, ಆಮೇಲೆ ನೀರು. ಬೈಬಲ್‌ನ ಅಪೊಸ್ತಲರ ಕೃತ್ಯಗಳು ಪುಸ್ತಕದ 8ನೇ ಅಧ್ಯಾಯದಲ್ಲಿ ಇಥಿಯೋಪಿಯದ ಅಧಿಕಾರಿಯೊಬ್ಬ ರಥದಲ್ಲಿ ಹೋಗುತ್ತಾ ಫಿಲಿಪ್ಪನ ಮಾತು ಕೇಳುತ್ತಾನೆ. ದಾರಿಯಲ್ಲಿ ನೀರು ಕಂಡ ಕೂಡಲೇ ‘ನನಗೆ ಏನು ಅಡ್ಡಿ’ ಎಂದು ತಾನೇ ಕೇಳುತ್ತಾನೆ. ಕೂಸು ಹಾಗೆ ಕೇಳುವುದಿಲ್ಲ, ಅಲ್ವಾ? ಸುಮಾರು 200ನೇ ಇಸವಿಯಲ್ಲೇ ಉತ್ತರ ಆಫ್ರಿಕಾದ ಕ್ರೈಸ್ತ ಲೇಖಕ ತೆರ್ತುಲಿಯನ್ ಮಕ್ಕಳಿಗೆ ಅವಸರ ಬೇಡ, ತಿಳಿವಳಿಕೆ ಬರಲಿ ಎಂದು ಬರೆದ. ಬೇಡ ಎನ್ನಬೇಕಾಗಿ ಬಂತು ಎಂದರೆ ಆಗಲೇ ಕೂಸುಗಳಿಗೆ ಕೊಡುತ್ತಿದ್ದರು ಎಂದೂ ಅರ್ಥವಾಗುತ್ತದೆ.

ಕೂಸಿಗೆ ಕೊಡಬಹುದು ಎನ್ನುವವರು ಅದೇ ಪುಸ್ತಕದ 16ನೇ ಅಧ್ಯಾಯ ತೆಗೆಯುತ್ತಾರೆ. ಫಿಲಿಪ್ಪಿ ಊರಿನಲ್ಲಿ ಬಟ್ಟೆ ವ್ಯಾಪಾರದ ಲುದ್ಯ ತನ್ನ ಮನೆಯವರೊಂದಿಗೆ ಸ್ನಾನ ತೆಗೆದುಕೊಳ್ಳುತ್ತಾಳೆ. ಸೆರೆಮನೆಯ ಅಧಿಕಾರಿ ಅದೇ ರಾತ್ರಿ ಮನೆಮಂದಿಯ ಸಮೇತ ತೆಗೆದುಕೊಳ್ಳುತ್ತಾನೆ. ಆ ಮನೆಗಳಲ್ಲಿ ಕೂಸುಗಳಿದ್ದವು ಎಂದು ಬರೆದಿಲ್ಲ, ಇರಲಿಲ್ಲ ಎಂದೂ ಬರೆದಿಲ್ಲ. ಯೆಹೂದ್ಯರು ಎಂಟನೇ ದಿನಕ್ಕೇ ಗಂಡುಮಗುವಿಗೆ ಸುನ್ನತಿ ಮಾಡಿ ದೇವಜನರೊಳಗೆ ಸೇರಿಸಿಕೊಳ್ಳುತ್ತಿದ್ದರಲ್ಲ, ಇದೂ ಹಾಗೆಯೇ ಎಂಬುದು ಅವರ ವಾದ. ನಾನು ದೇವರನ್ನು ಆರಿಸಿಕೊಳ್ಳುವ ಮುಂಚೆಯೇ ದೇವರು ನನ್ನನ್ನು ಎತ್ತಿಕೊಂಡ. ಕೂಸಿನ ತಲೆಯ ಮೇಲೆ ಬೀಳುವ ನೀರು ಇದನ್ನೇ ಹೇಳುತ್ತದೆ ಎನ್ನುತ್ತಾರೆ. ದೊಡ್ಡದಾದ ಮೇಲೆ ಆ ಮಗು ದೃಢೀಕರಣದ ದಿನ ಸಭೆಯ ಮುಂದೆ ನಿಂತು, ಅಂದು ಬೇರೆಯವರು ಹೇಳಿದ ‘ಹೂಂ’ ಅನ್ನು ತನ್ನದೇ ಬಾಯಲ್ಲಿ ಹೇಳಬೇಕು.

ನಮ್ಮ ಕಡೆಯ ಓದುಗರಿಗೆ ಇದು ಹೊಸದೇನಲ್ಲ. ಲಿಂಗಾಯತ ಮನೆಗಳಲ್ಲಿ ಹುಟ್ಟಿದ ಕೂಸಿಗೆ ಲಿಂಗಧಾರಣೆ ಮಾಡುತ್ತಾರೆ. ಬೆಳೆದ ಮೇಲೆ ಗುರುವಿನಿಂದ ಲಿಂಗದೀಕ್ಷೆ ಬೇರೆ ಆಗುತ್ತದೆ. ಕೂಸಿಗೆ ಕಟ್ಟಿದ ಲಿಂಗ ಸುಳ್ಳು ಎಂದು ಯಾರೂ ಅನ್ನುವುದಿಲ್ಲ, ಅಷ್ಟಕ್ಕೇ ಎಲ್ಲ ಮುಗಿಯಿತು ಎಂದೂ ಅನ್ನುವುದಿಲ್ಲ. ಎರಡು ಧರ್ಮಗಳ ಅರ್ಥ ಒಂದೇ ಎಂದು ನಾನು ಹೇಳುತ್ತಿಲ್ಲ. ಮನೆ ಒಮ್ಮೆ ಒಪ್ಪಿಕೊಳ್ಳುವುದು, ಮನಸ್ಸು ಇನ್ನೊಮ್ಮೆ ಒಪ್ಪಿಕೊಳ್ಳುವುದು ನಮಗೆ ಗೊತ್ತಿರುವ ಸಂಗತಿ, ಅಷ್ಟೆ.

ಜಗಳ ರಕ್ತಕ್ಕೆ ಬಂದಿದ್ದು 1525ರಲ್ಲಿ. ಆ ಜನವರಿ 21ರ ರಾತ್ರಿ ಸ್ವಿಟ್ಜರ್‌ಲೆಂಡಿನ ಜ್ಯೂರಿಕ್‌ನಲ್ಲಿ ಕೆಲವರು ಒಂದು ಮನೆಯಲ್ಲಿ ಸೇರಿ, ಕೂಸಾಗಿದ್ದಾಗ ಆದದ್ದು ಲೆಕ್ಕಕ್ಕಿಲ್ಲ ಎಂದು ಹೊಸದಾಗಿ ದೀಕ್ಷಾಸ್ನಾನ ತೆಗೆದುಕೊಂಡರು. ಅಲ್ಲಿ ಊರಿನ ಪ್ರಜೆಯಾಗುವುದೂ ಸಭೆಯ ಸದಸ್ಯನಾಗುವುದೂ ಒಂದೇ ಆಗಿತ್ತು. ಹಾಗಾಗಿ ಇದು ರಾಜದ್ರೋಹದಂತೆ ಕಂಡಿತು. ಎರಡು ವರ್ಷದ ನಂತರ ಅವರಲ್ಲೊಬ್ಬನಾದ ಫೆಲಿಕ್ಸ್ ಮಾಂಟ್ಸ್‌ನ ಕೈಕಾಲು ಕಟ್ಟಿ ಅದೇ ಊರಿನ ಲಿಮ್ಮಟ್ ನದಿಯಲ್ಲಿ ಮುಳುಗಿಸಿ ಕೊಂದರು. ಕೊಂದವರೂ ಕ್ರೈಸ್ತರೇ. ಇದನ್ನು ನಮ್ಮ ಸಭೆಗಳಲ್ಲಿ ಹೇಳಬೇಕು, ಹೇಳುವುದಿಲ್ಲ.

ಮಿಷನ್ ಕೆಲಸದಲ್ಲಿ ಈ ಎರಡೂ ಧಾರೆ ನಮ್ಮ ದೇಶಕ್ಕೆ ಬಂದವು. ಇಂಗ್ಲೆಂಡಿನ ವಿಲಿಯಂ ಕೇರಿ ಬ್ಯಾಪ್ಟಿಸ್ಟ್, ಅಂದರೆ ದೊಡ್ಡವರ ಸ್ನಾನವೇ ಸರಿ ಎನ್ನುವ ಸಭೆಯವರು. 1793ರಲ್ಲಿ ಬಂಗಾಳಕ್ಕೆ ಬಂದ ಅವರು ಮೊದಲ ಬಂಗಾಳಿಗೆ ದೀಕ್ಷಾಸ್ನಾನ ಕೊಟ್ಟಿದ್ದು ಏಳು ವರ್ಷ ಕಳೆದ ಮೇಲೆ, 1800ರ ಡಿಸೆಂಬರ್ 28ರಂದು. ಬಡಗಿ ಕೆಲಸದ ಕೃಷ್ಣ ಪಾಲ್ ಶ್ರೀರಾಮಪುರದಲ್ಲಿ ಹೂಗ್ಲಿ ನದಿಗೆ ಇಳಿದ. 1812ರಲ್ಲಿ ಅಮೆರಿಕದಿಂದ ಹಡಗು ಹತ್ತಿದ ಅಡೋನಿರಾಮ್ ಜಡ್ಸನ್ ಕೂಸಿನ ಸ್ನಾನ ಒಪ್ಪುವ ಸಭೆಯವರು. ಹಡಗಿನಲ್ಲಿ ಓದುತ್ತಾ ಓದುತ್ತಾ ಮನಸ್ಸು ಬದಲಾಯಿತು. ಕಲ್ಕತ್ತಕ್ಕೆ ಇಳಿದ ಮೇಲೆ ಮತ್ತೆ ಸ್ನಾನ ತೆಗೆದುಕೊಂಡರು. ಕಳಿಸಿದ ಸಭೆಯ ನೆರವು ಕಳೆದುಹೋಗುತ್ತದೆ ಎಂದು ಗೊತ್ತಿದ್ದೂ ತೆಗೆದುಕೊಂಡರು.

ನಮ್ಮ ಕನ್ನಡ ನಾಡಿಗೆ ಬಂದವರು ಹೆಚ್ಚಾಗಿ ಕೂಸಿನ ಸ್ನಾನ ಒಪ್ಪುವವರು. 1810ರಲ್ಲಿ ಬಳ್ಳಾರಿಗೆ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಂದರು. 1834ರಲ್ಲಿ ಮಂಗಳೂರಿಗೆ ಬಾಸೆಲ್ ಮಿಷನ್ ಬಂತು. ಹಳೇ ಮೈಸೂರಿನ ಕಡೆ ವೆಸ್ಲಿಯನ್ ಮೆಥಡಿಸ್ಟರು ಬಂದರು. ಕ್ಯಾಥೊಲಿಕರಂತೂ ಅದಕ್ಕಿಂತ ಹಿಂದಿನವರು.

ಆದರೆ ಯಾವ ಮಿಷನ್ ಆದರೂ ಮೊದಲ ತಲೆಮಾರಿಗೆ ದೊಡ್ಡವರ ಸ್ನಾನವೇ. ಎರಡನೇ ತಲೆಮಾರಿಗೆ ಬಂದಾಗಲೇ ತೊಟ್ಟಿಲ ಪ್ರಶ್ನೆ ಏಳುವುದು. ಆ ಮೊದಲ ತಲೆಮಾರು ಏನು ತೆತ್ತಿತು ಎಂಬುದಕ್ಕೆ ಮಂಗಳೂರಿನ ಆನಂದರಾವ್ ಕೌಂಡಿನ್ಯರನ್ನು ನೋಡಬೇಕು. ಬ್ರಾಹ್ಮಣ ಹುಡುಗ, 1844ರ ಜನವರಿಯಲ್ಲಿ ಬಾಸೆಲ್ ಮಿಷನ್ನಿನ ಮೋಗ್ಲಿಂಗ್ ಅವರಿಂದ ದೀಕ್ಷಾಸ್ನಾನ ಪಡೆದರು. ಊರೇ ಕದಡಿತು. ಮನೆ ಬಿಟ್ಟುಹೋಯಿತು. ಬಡವರ ಪಾಡು ಇನ್ನೂ ಕಷ್ಟ. ನೀರಿಗೆ ಇಳಿದವನಿಗೆ ಮರುದಿನ ಕೂಲಿ ಇಲ್ಲ, ಬಾಡಿಗೆ ಮನೆ ಇಲ್ಲ. ಬಾಸೆಲ್ ಮಿಷನ್ನಿನವರು ನೇಯ್ಗೆ ಶುರು ಮಾಡಿದ್ದಕ್ಕೂ, 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದಕ್ಕೂ ಇದೂ ಒಂದು ಕಾರಣ. ಕೆಲಸ ಕೊಟ್ಟ ಕೂಡಲೇ ಇನ್ನೊಂದು ಮಾತು ಹುಟ್ಟಿತು: ಹೊಟ್ಟೆಪಾಡಿಗೆ ಹೋದರು ಎಂದು. ಕೆಲಸ ಕೊಡದಿದ್ದರೆ ಉಪವಾಸ, ಕೊಟ್ಟರೆ ಆಮಿಷ. ಈ ಸಿಕ್ಕು ಇವತ್ತಿಗೂ ಬಿಡಿಸಿಲ್ಲ.

ಇನ್ನೊಂದು ಸಿಕ್ಕು ದಲಿತ ಕೇರಿಯದು. ದೇಶದ ಹಲವು ಕಡೆ ಇಡೀ ಕೇರಿಗಳು ಒಟ್ಟಿಗೆ ಸಭೆಗೆ ಬಂದವು. ಒಬ್ಬೊಬ್ಬನ ಆತ್ಮದ ಲೆಕ್ಕ ಕೇಳುತ್ತಿದ್ದ ಬಿಳಿಯ ಪಾದ್ರಿಗಳಿಗೆ ಇದು ತಲೆನೋವಾಯಿತು. ಹಿರಿಯರು ಕೂತು ತೀರ್ಮಾನ ಮಾಡುತ್ತಾರೆ, ಮನೆಗಳು ಹಿಂದೆ ಬರುತ್ತವೆ, ಕೂಸುಗಳು ಸೊಂಟದ ಮೇಲೆ ಬರುತ್ತವೆ. ಇದು ನಂಬಿಕೆಯೇ? ನನ್ನ ಮಟ್ಟಿಗೆ ಹೌದು. ನಮ್ಮಲ್ಲಿ ಮದುವೆ, ಹೊಲ, ವಲಸೆ ಯಾವುದನ್ನು ಒಬ್ಬನೇ ಕೂತು ತೀರ್ಮಾನಿಸುತ್ತಾನೆ? ಅವರ ‘ಹೂಂ’ ಒಟ್ಟಿಗೆ ಬಂತು ಎಂಬ ಕಾರಣಕ್ಕೆ ಸುಳ್ಳಾಗುವುದಿಲ್ಲ. ಆದರೆ ನೀರು ಕೊಟ್ಟು, ಎಣಿಸಿ, ವರದಿ ಬರೆದು, ಕಲಿಸಲು ಯಾರೂ ಮರಳಿ ಬಾರದಿದ್ದರೆ ಅದು ಸುಳ್ಳಾಗುತ್ತದೆ. ಎಷ್ಟು ಜನಕ್ಕೆ ಸ್ನಾನವಾಯಿತು ಎಂದು ಎಣಿಸಿ ಹೇಳಿಕೊಳ್ಳುವ ಚಟ ಮಿಷನ್ನಿಗೆ ಹಳೆಯದು, ಈಗ ಮೊಬೈಲಿನಲ್ಲಿ ಜಾಸ್ತಿಯಾಗಿದೆ.

1947ರ ಸೆಪ್ಟೆಂಬರ್ 27ರಂದು ದಕ್ಷಿಣ ಇಂಡಿಯಾ ಸಭೆ, ಅಂದರೆ ಸಿಎಸ್‌ಐ, ಹುಟ್ಟಿತು. ಅಲ್ಲಿ ಕೂಸಿನ ಸ್ನಾನ ರೂಢಿ. ಸ್ನಾನವಾಗದೆ ದೊಡ್ಡವರಾದವರಿಗೆ ಅವರೇ ಬಾಯಿಬಿಟ್ಟು ಒಪ್ಪಿಕೊಂಡ ಮೇಲೆ ಕೊಡುತ್ತಾರೆ. 1970ರಲ್ಲಿ ಹುಟ್ಟಿದ ಉತ್ತರ ಭಾರತದ ಸಭೆಯಲ್ಲಿ ಬ್ಯಾಪ್ಟಿಸ್ಟರೂ ಸೇರಿದರು. ಅವರು ಎರಡನ್ನೂ ಸಮನಾಗಿ ಒಪ್ಪಿದರು. ಅಪ್ಪ ಅಮ್ಮ ಬೇಕಾದರೆ ಕೂಸಿಗೆ ಮಾಡಿಸಲಿ, ಬೇಡವಾದರೆ ಆಶೀರ್ವಾದ ಮಾಡಿಸಿ ಕಾಯಲಿ. ಜಗತ್ತಿನ ಹಲವು ಸಭೆಗಳು ಸೇರಿ 1982ರಲ್ಲಿ ಪೆರುವಿನ ಲಿಮಾದಲ್ಲಿ ಒಪ್ಪಿದ ಹೇಳಿಕೆಯೂ ಇದೇ ದಿಕ್ಕಿನದು. ಅದರಲ್ಲಿ ಒಂದು ಮಾತು ಖಡಕ್ಕಾಗಿದೆ: ದೀಕ್ಷಾಸ್ನಾನ ಒಂದೇ ಸಲ, ಎರಡನೇ ಸಲ ಇಲ್ಲ.

ಕಾಗದದಲ್ಲಿ ಬಗೆಹರಿದದ್ದು ಮನೆಯಲ್ಲಿ ಬಗೆಹರಿದಿಲ್ಲ. ನನ್ನ ಚಿಕ್ಕಮ್ಮನ ಮಗ ಹೊಸ ಸಭೆಯೊಂದಕ್ಕೆ ಸೇರಿ, ಮೂವತ್ತರ ವಯಸ್ಸಿನಲ್ಲಿ ಮತ್ತೆ ಸ್ನಾನ ತೆಗೆದುಕೊಂಡ. ಮೊದಲಿನದು ಸ್ನಾನವೇ ಅಲ್ಲ, ಬರೀ ನೀರು ಅಂತ ಅಲ್ಲಿ ಹೇಳಿಕೊಟ್ಟಿದ್ದರು. ಚಿಕ್ಕಮ್ಮ ಜಗಳವಾಡಲಿಲ್ಲ. "ಹಂಗಾರೆ ನಾನು ನಿನ್ನನ್ನ ಎತ್ಕೊಂಡು ಹೋಗಿದ್ದು ಸುಳ್ಳೇನೋ?" ಅಂತ ಒಂದೇ ಮಾತು ಕೇಳಿ ಒಳಗೆ ಹೋದರು. ಅವನ ಹುಡುಕಾಟ ನಿಜವಾದದ್ದು, ಅದನ್ನು ನಾನು ಅನುಮಾನಿಸುವುದಿಲ್ಲ. ಆದರೆ ಅವನ ‘ಹೂಂ’ ಕೇಳಲು ಅವನ ತಾಯಿಯ ‘ಹೂಂ’ ಅಳಿಸಬೇಕಾಗಿರಲಿಲ್ಲ. ತಪ್ಪು ನಮ್ಮ ಕಡೆಯೂ ಇದೆ. ಅವನ ದೃಢೀಕರಣದ ತರಗತಿ ಎರಡೇ ಭಾನುವಾರದಲ್ಲಿ ಮುಗಿದಿತ್ತು. ಉತ್ತರ ಬಾಯಿಪಾಠ ಮಾಡಿಸಿದರು, ಪ್ರಶ್ನೆ ಕೇಳಲು ಬಿಡಲಿಲ್ಲ. ಹಸಿದವನು ಬೇರೆ ಕಡೆ ಉಣ್ಣಲು ಹೋದ.

ಈಗ ತಾಲ್ಲೂಕು ಕಚೇರಿಯ ಮಾತು. 2021ರ ಸೆಪ್ಟೆಂಬರ್‌ನಲ್ಲಿ ಚಿತ್ರದುರ್ಗ ಜಿಲ್ಲೆ ಹೊಸದುರ್ಗದ ಆಗಿನ ಶಾಸಕ ಗೂಳಿಹಟ್ಟಿ ಶೇಖರ್, ತಮ್ಮ ತಾಯಿಯನ್ನೇ ಮತಾಂತರ ಮಾಡಿದ್ದಾರೆ ಎಂದು ವಿಧಾನಸಭೆಯಲ್ಲಿ ಹೇಳಿದರು. ಆ ಮಾತು ರಾಜ್ಯವನ್ನೆಲ್ಲ ಸುತ್ತಿತು. ಮುಂದಿನ ವರ್ಷ ಮತಾಂತರದ ಕಾನೂನು ಬಂತು. ಮತಾಂತರವಾಗುವವರು 30 ದಿನ ಮೊದಲೇ ಜಿಲ್ಲಾಡಳಿತಕ್ಕೆ ಬರೆದುಕೊಡಬೇಕು, ಮಾಡಿಸುವವರೂ ಬರೆದುಕೊಡಬೇಕು, ನೋಟಿಸ್ ಬೋರ್ಡಿಗೆ ಹಾಕಿ ಆಕ್ಷೇಪಣೆ ಕರೆಯಬೇಕು. ಅಪ್ರಾಪ್ತರು, ಮಹಿಳೆಯರು, ಪರಿಶಿಷ್ಟರನ್ನು ಅಕ್ರಮವಾಗಿ ಮತಾಂತರಿಸಿದರೆ 3ರಿಂದ 10 ವರ್ಷ ಜೈಲು. 2023ರ ಜೂನ್‌ನಲ್ಲಿ ಕಾಂಗ್ರೆಸ್ ಸರ್ಕಾರದ ಸಂಪುಟ ಇದನ್ನು ಹಿಂಪಡೆಯಲು ತೀರ್ಮಾನಿಸಿತು.

ನಂಬಿಕೆಯ ವಿಷಯಕ್ಕೆ ನೋಟಿಸ್ ಬೋರ್ಡ್ ಬೇಕಾಗಿಲ್ಲ ಎಂದೇ ನನ್ನ ಅನಿಸಿಕೆ. ಹೆಸರು ಅಂಟಿಸಿದ ದಿನವೇ ಬಡವನ ಮನೆ ಮುಂದೆ ಜನ ಸೇರುತ್ತಾರೆ. ಆದರೂ ಕಾನೂನು ಕೇಳುವ ಪ್ರಶ್ನೆ, ಇವನು ತಿಳಿದು ಒಪ್ಪಿದನೇ ಎಂಬುದು, ಸಭೆ ತನಗೆ ತಾನೇ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ.

ಕೂಸಿನ ಸ್ನಾನಕ್ಕೆ ಇನ್ನೂ ದೊಡ್ಡ ಪೆಟ್ಟು ಬೇರೆ ಕಡೆಯಿಂದ ಬಂದಿದೆ. 1950ರ ಪರಿಶಿಷ್ಟ ಜಾತಿಗಳ ಆದೇಶದ ಪ್ರಕಾರ ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ ಎಸ್‌ಸಿ ಸ್ಥಾನ. ಕ್ರೈಸ್ತನಾದವನಿಗೆ ಇಲ್ಲ, ಕೇರಿಯಲ್ಲಿ ಅವನನ್ನು ನೋಡುವ ಕಣ್ಣು ಬದಲಾಗದಿದ್ದರೂ ಇಲ್ಲ. ನಮ್ಮ ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಅಂಥವರು ಪ್ರವರ್ಗ 1ಕ್ಕೆ ಬರುತ್ತಾರೆ, ಉಳಿದ ಕ್ರೈಸ್ತರು 3ಬಿಗೆ. 2024ರ ನವೆಂಬರ್ 26ರಂದು ಸುಪ್ರೀಂ ಕೋರ್ಟ್ ಪುದುಚೇರಿಯ ಮಹಿಳೆಯೊಬ್ಬರ ಅರ್ಜಿಯನ್ನು ತಳ್ಳಿಹಾಕಿತು. ಅವರ ತಂದೆ ಹಿಂದೂ ಪರಿಶಿಷ್ಟ ಜಾತಿಯವರು, ತಾಯಿ ಕ್ರೈಸ್ತ ಮನೆತನದವರು. ಗುಮಾಸ್ತೆ ಕೆಲಸಕ್ಕೆ ಎಸ್‌ಸಿ ಪ್ರಮಾಣಪತ್ರ ಕೇಳಿದ್ದರು. ಅವರು ಕೂಸಾಗಿದ್ದಾಗ ಆದ ದೀಕ್ಷಾಸ್ನಾನದ ದಾಖಲೆಯನ್ನೂ, ಚರ್ಚಿಗೆ ಹೋಗುವುದನ್ನೂ ಕೋರ್ಟು ಎತ್ತಿ ತೋರಿಸಿತು. ಮೀಸಲಾತಿಗಾಗಿ ಮಾತ್ರ ಹಿಂದೂ ಎನ್ನುವುದು ಸಂವಿಧಾನಕ್ಕೆ ಮಾಡುವ ವಂಚನೆ ಎಂದಿತು.

ನನ್ನ ಅಕ್ಕನ ಮೊಮ್ಮಗಳ ಹೆಸರು ಬರೆದರಲ್ಲ, ಅಂಥದ್ದೇ ಒಂದು ಸಾಲು. ದೇವರು ನಿನ್ನನ್ನು ಎತ್ತಿಕೊಂಡ ಎಂಬುದಕ್ಕೆ ಸಭೆ ಬರೆದಿಟ್ಟ ಗುರುತು ಅದು. ಕೋರ್ಟಿಗೆ ಅದು ಸಾಕ್ಷಿ. ಕೂಸು ಕಿರುಚಿದ್ದು ಬಿಟ್ಟರೆ ಅದರಲ್ಲಿ ಅದರ ಪಾಲು ಏನೂ ಇರಲಿಲ್ಲ. ದಲಿತ ಕ್ರೈಸ್ತರಿಗೆ ಎಸ್‌ಸಿ ಸ್ಥಾನ ಕೊಡದಿರುವುದು ಅನ್ಯಾಯ ಎಂದೇ ನಾನು ನಂಬುತ್ತೇನೆ. ಆದರೆ ಆ ಅನ್ಯಾಯ ಇರುವಷ್ಟು ದಿನ, ನೀರು ಕೊಡುವವರು ಅದನ್ನು ಮುಚ್ಚಿಟ್ಟು ಕೊಡಬಾರದು.

ಮೇಸ್ತ್ರಿಯ ಪ್ರಶ್ನೆಯ ಹಿಂದೆ ಇದ್ದದ್ದೂ ಇದೇ. ಅವರ ದೊಡ್ಡ ಮಗ ಒಂಬತ್ತನೇ ಕ್ಲಾಸು, ಪರಿಶಿಷ್ಟರ ಹಾಸ್ಟೆಲ್ಲಿನಲ್ಲಿ ಇದ್ದಾನೆ. ಚಿಕ್ಕವಳು ಐದನೇ ಕ್ಲಾಸು. ಎರಡು ವರ್ಷದಲ್ಲಿ ಸಭೆಯವರು ಅವರಿಗೆ ಪಾಪ, ಪರಲೋಕ, ಬಿಡುಗಡೆ ಎಲ್ಲ ಹೇಳಿದ್ದರು. ಜಾತಿ ಸರ್ಟಿಫಿಕೇಟಿನ ಮಾತು ಒಬ್ಬರೂ ಎತ್ತಿರಲಿಲ್ಲ. ‘ಆಮೇಲೆ ನೋಡ್ಕೊಳ್ಳೋಣ’ ಅಂದಿದ್ದರಂತೆ.

ನಾನು ಅವರಿಗೆ ಗೊತ್ತಿದ್ದಷ್ಟು ಹೇಳಿದೆ. ನಿಮ್ಮ ಸಭೆಯ ಪ್ರಕಾರ ನಿಮ್ಮ ಸ್ನಾನ ಮಕ್ಕಳಿಗೆ ಲೆಕ್ಕವಿಲ್ಲ. ನಮ್ಮ ಸಭೆಯಲ್ಲಾದರೆ ಮಗಳಿಗೆ ನಿಮ್ಮ ಜೊತೆ ಕೊಡಬಹುದು, ಆದರೆ ಮಗನನ್ನು ಅವನನ್ನೇ ಕೇಳಬೇಕು. ಸರ್ಟಿಫಿಕೇಟಿನ ವಿಷಯ ಹೀಗಿದೆ, ಸುಳ್ಳು ಹೇಳಿ ಉಳಿಸಿಕೊಳ್ಳುವುದಕ್ಕೆ ಹೋಗಬೇಡಿ, ವಕೀಲರೊಬ್ಬರ ಹತ್ತಿರ ಮಾತಾಡಿ. ಹೆಂಡತಿಯನ್ನು ಕೂರಿಸಿಕೊಂಡು ಮಾತಾಡಿ. ಅವರು ಸುಮ್ನೆ ಕೇಳಿಸಿಕೊಂಡರು. ಬುತ್ತಿ ಡಬ್ಬಿ ತೊಳೆದಿಟ್ಟು ಮತ್ತೆ ಕೆಲಸಕ್ಕೆ ಕೂತರು.

ಈ ಸಲ ಬಚ್ಚಲ ಮನೆಯ ಸಂದಿಗೆ ಸಿಮೆಂಟ್ ತುಂಬಲು ಬಂದಾಗ ನಾನೇ ವಿಚಾರಿಸಿದೆ. ಈಗ ಒಬ್ಬ ವಯಸ್ಸಾದ ಪಾಸ್ಟರ್ ಹತ್ತಿರ ವಾರಕ್ಕೊಮ್ಮೆ ಪಾಠಕ್ಕೆ ಹೋಗುತ್ತಾರಂತೆ. ತಾರೀಖು ಇನ್ನೂ ಇಟ್ಟಿಲ್ಲ. ಹಾಸ್ಟೆಲ್ಲಿನ ವಿಷಯ ಮಗನಿಗೂ ಹೇಳಿದ್ದಾರೆ. ಅವನು ‘ನೀನು ತಗೊ ಅಪ್ಪ, ನಂದು ನಾನು ಹೇಳ್ತೀನಿ’ ಅಂದನಂತೆ. "ಹೆಂಡ್ತಿ ಮಾತ್ರ ಇನ್ನೂ ಹೂಂ ಅಂದಿಲ್ಲ ಸಾರ್. ದುಗ್ಗಮ್ಮನ ಹಬ್ಬ ಮುಗೀಲಿ, ಆಮೇಲೆ ಮಾತಾಡಾಣ ಅಂದಿದಾಳೆ. ಪಾಸ್ಟರ್ರಿಗೂ ಅದನ್ನೇ ಹೇಳ್ದೆ. ಮುಗೀಲಿ ಬಿಡಪ್ಪ, ನದಿ ಎಲ್ಲಿ ಓಡಿಹೋಗುತ್ತೆ ಅಂದ್ರು."